ಇದ್ದರೂ ಸರಿ, ಇಲ್ಲದಿದ್ದರೂ ಸರಿ



ಮಕ್ಕಳೇ, ಒಂದು ಸಣ್ಣ ಪ್ರಯೋಗ ಮಾಡೋಣ. ಅಂಗೈ ಮೇಲೆ ಮಾಡಿ, ಹೆಬ್ಬೆರಳು ಕಿರುಬೆರಳುಗಳ ತುದಿ ಜೋಡಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಾಗಿಸಿ. ಮಣಿಕಟ್ಟಿನ ನಡುವೆ ಹಗ್ಗದಂತೆ ಉಬ್ಬುವುದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ರಜ್ಜು. ಈ ಸ್ನಾಯು ಮೊಣಕೈಯ ಒಳಬದಿಯಿಂದ ಹೊರಟು ಅಂಗೈಗೆ ಸೇರುತ್ತದೆ.

ಕೆಲವರಿಗೆ ಇದು ಒಂದೇ ಕೈಯಲ್ಲಿರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಎರಡರಲ್ಲೂ ಇರುವುದಿಲ್ಲ. ಗಾಬರಿ ಬೇಡ, ಅದು ರೋಗವೂ ಅಲ್ಲ, ಊನವೂ ಅಲ್ಲ. ಮಣಿಕಟ್ಟು ಬಾಗಿಸಲು ಇದಕ್ಕಿಂತ ಬಲವಾದ ಸ್ನಾಯುಗಳಿವೆ. ಅಳೆದು ನೋಡಿದವರಿಗೆ ಹಿಡಿತದ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ.

ಇದ್ದವರಿಗೆ ಇದು ಆಪದ್ಧನ. ಬೆರಳಿನ ರಜ್ಜು ತುಂಡಾದಾಗ ಶಸ್ತ್ರವೈದ್ಯರು ಇದನ್ನು ತೆಗೆದು ಅಲ್ಲಿ ಕಸಿ ಮಾಡುವುದುಂಟು. 1974ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಟಾಮಿ ಜಾನ್ ಅವರ ಎಡ ಮೊಣಕೈಗೆ ಡಾ. ಫ್ರಾಂಕ್ ಜೋಬ್ ಅವರು ಬಲಗೈಯ ಇದೇ ರಜ್ಜುವನ್ನು ಕಸಿ ಮಾಡಿದರು. ಜಾನ್ 1976ರಲ್ಲಿ ಮತ್ತೆ ಮೈದಾನಕ್ಕಿಳಿದು 1989ರವರೆಗೆ ಆಡಿದರು. ರಜ್ಜು ಕೊಟ್ಟ ಕೈಯೂ ಚೆನ್ನಾಗಿಯೇ ಇತ್ತು.

ನಾನು ಬರೆಯುವ ಸಾಫ್ಟ್‌ವೇರ್‌ನಲ್ಲಿ ಒಂದು ಸಾಲು ಬಿಟ್ಟುಹೋದರೆ ಇಡೀ ಕೆಲಸವೇ ನಿಲ್ಲಬಹುದು. ದೇಹ ಹಾಗಲ್ಲ. ಆದ್ದರಿಂದ ಪಕ್ಕದವರ ಕೈಯಲ್ಲಿ ಆ ಹಗ್ಗ ಕಾಣದಿದ್ದರೆ ಯಾರೂ ಹಂಗಿಸಬೇಡಿ.