ಊರಿನ ಉಸಿರಿಗೆ ಹೊಣೆ ಯಾರು?

(ಗಿರಣಿ ಕಾರ್ಮಿಕರು ಹಾಗೂ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಖಾನೆಗೆ ಕಟ್ಟುನಿಟ್ಟು ಮಾಡಿದರೆ ಅದು ಊರು ಬಿಡುತ್ತದೆ, ಕೂಲಿ ಹೋಗುತ್ತದೆ, ಕೂಲಿ ಹೋದರೆ ಅಂಗಡಿಯ ವ್ಯಾಪಾರವೂ ಹೋಗುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ನಿಜವೋ ಸುಳ್ಳೋ ಎಂಬುದನ್ನು ಭೋಪಾಲದ ಲೆಕ್ಕ ಹಿಡಿದು ನೋಡೋಣ.

ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಯವರು ಕೀಟನಾಶಕ ತಯಾರಿಸುತ್ತಿದ್ದರು. ಅದಕ್ಕಾಗಿ ಮೀಥೈಲ್ ಐಸೋಸೈನೇಟ್ ಎಂಬ ಘೋರ ವಿಷವನ್ನು ಟನ್ನುಗಟ್ಟಲೆ ತುಂಬಿಟ್ಟಿದ್ದರು. ಮಾರಾಟ ಕುಸಿದಾಗ ಖರ್ಚು ಕಡಿತ ಮಾಡಹೊರಟರು. ವಿಷವನ್ನು ತಣ್ಣಗಿಡುವ ಯಂತ್ರವನ್ನು ನಿಲ್ಲಿಸಿದರು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರ ರಿಪೇರಿಯಲ್ಲಿತ್ತು. ಪಾಳಿಯ ಆಳುಗಳನ್ನು ಅರ್ಧಕ್ಕೆ ಇಳಿಸಿದರು. 1984ರ ಡಿಸೆಂಬರ್ 2ರ ರಾತ್ರಿ ತೊಟ್ಟಿಗೆ ನೀರು ಹೊಕ್ಕಿತು. ಸುಮಾರು 40 ಟನ್ ವಿಷ ಕುದಿದು, ಮಲಗಿದ್ದ ಊರಿನ ಮೇಲೆ ಹರಡಿತು. ಮಧ್ಯಪ್ರದೇಶ ಸರಕಾರ ಒಪ್ಪಿಕೊಂಡ ಸಾವುಗಳೇ 3,787. ಗಾಳಿಗೆ ಸಿಕ್ಕವರು ಐದು ಲಕ್ಷಕ್ಕೂ ಮಿಕ್ಕು.

ಇದನ್ನು ದೈವಾಧೀನ ಎನ್ನುವಂತಿಲ್ಲ. ಕಾರ್ಮಿಕ ಸಂಘದವರು ಮೊದಲೇ ಕೂಗಿ ಹೇಳಿದ್ದರು. ರಾಜಕುಮಾರ ಕೇಸ್ವಾನಿಯವರು 1982ರಲ್ಲಿಯೇ ತಮ್ಮ 'ರಪಟ್' ಎಂಬ ಪುಟ್ಟ ವಾರಪತ್ರಿಕೆಯಲ್ಲಿ ಎಚ್ಚರಿಸಿದ್ದರು. ಸರಕಾರ ಕಿವಿಗೊಡಲಿಲ್ಲ. ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿದು ಗಾಳಿಗೆ ಅಡ್ಡಲಾಗಿ ಸರಿಯಿರಿ ಎಂಬ ಒಂದು ಮಾತನ್ನಾದರೂ ನೆರೆಯ ಬಡಾವಣೆಗಳಿಗೆ ಯಾರೂ ಕಲಿಸಿರಲಿಲ್ಲ. ಆ ಅಜ್ಞಾನವೂ ಜನರನ್ನು ಕೊಂದಿತು.

ಆಮೇಲೆ ಏನಾಯಿತು? ಕಾರ್ಖಾನೆ ಮುಚ್ಚಿತು. ಕೂಲಿ ಹೋಯಿತು, ವ್ಯಾಪಾರವೂ ಹೋಯಿತು. ಹಾಗಾದರೆ ಹೊಟ್ಟೆಗೆ ಕಲ್ಲು ಹಾಕಿದ್ದು ಕಾಯಿದೆಯೋ, ಕಾಯಿದೆಯ ಸಡಿಲವೋ? ನೀವೇ ಹೇಳಿ. 1989ರಲ್ಲಿ ಕಂಪನಿ 47 ಕೋಟಿ ಡಾಲರ್ ಕೊಟ್ಟು ಕೈತೊಳೆದುಕೊಂಡಿತು. 2010ರಲ್ಲಿ ಅಪರಾಧಿಗಳೆಂದು ತೀರ್ಪಾದ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷದ ಶಿಕ್ಷೆ, ಅಂದೇ ಜಾಮೀನು. ಅಂಗಳದಲ್ಲಿ ಬಿದ್ದಿದ್ದ 337 ಟನ್ ವಿಷದ ಕಸವನ್ನು ಅಲ್ಲಿಂದ ಸಾಗಿಸಿದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷಗಳ ಬಳಿಕ!

ಆ ಹೆಣಗಳ ಮೇಲೆಯೇ ನಮ್ಮ ಕಾಯಿದೆಗಳು ಹುಟ್ಟಿದವು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. ಅದೇ ವರ್ಷ ಸುಪ್ರೀಂ ಕೋರ್ಟು ದಿಲ್ಲಿಯ ಅನಿಲ ಸೋರಿಕೆಯ ಮೊಕದ್ದಮೆಯಲ್ಲಿ, ಅಪಾಯಕಾರಿ ಉದ್ಯಮ ನಡೆಸುವವನು ಯಾವ ನೆಪವನ್ನೂ ಹೇಳದೆ ನಷ್ಟ ತುಂಬಬೇಕೆಂದು ಸಾರಿತು. 1987ರ ತಿದ್ದುಪಡಿಯು, ಅಪಾಯ ಕಂಡಾಗ ಎಚ್ಚರಿಸುವ ಹಕ್ಕನ್ನು ಕಾರ್ಮಿಕನಿಗೆ ಕಾರ್ಖಾನೆ ಕಾಯಿದೆಯಲ್ಲಿ ಬರೆದುಕೊಟ್ಟಿತು.

ಗಳಿಸಿದ್ದು ತಾನಾಗಿ ಉಳಿಯುವುದಿಲ್ಲ. ಪರಿಸರ ಕಾಯಿದೆ ಮುರಿದವನಿಗೆ ಐದು ವರ್ಷದವರೆಗೆ ಸೆರೆವಾಸವೆಂದಿತ್ತು. 2023ರ ಜನ ವಿಶ್ವಾಸ್ ಕಾಯಿದೆ ಅದನ್ನು ತೆಗೆದು, 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡವನ್ನಿಟ್ಟಿತು. ದಂಡ ಕಟ್ಟದಿದ್ದರೆ ಮಾತ್ರ ಜೈಲು. ಕೋಟಿಗಳಲ್ಲಿ ವಹಿವಾಟು ಮಾಡುವ ಬಂಡವಾಳಗಾರನಿಗೆ 15 ಲಕ್ಷವೆಂಬುದು ಶಿಕ್ಷೆಯಲ್ಲ, ಖರ್ಚಿನ ಬಾಬ್ತು. ತೂಕದಲ್ಲಿ ಕಡಿಮೆ ಮಾಡಿದ ಕಿರಾಣಿ ಅಂಗಡಿಯವನು ಒಂದೇ ದಂಡಕ್ಕೆ ಬಾಗಿಲು ಮುಚ್ಚಬೇಕಾಗುತ್ತದೆ. ಇದು ಸಮಾನ ನ್ಯಾಯವೇ?

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಪ್ರಾಣಕ್ಕೆ ಎರವಾಗುವ ತಪ್ಪಿಗೆ ಸೆರೆವಾಸ ಮತ್ತೆ ಬರಲಿ. ಯಾವ ರಾಸಾಯನಿಕ ಎಷ್ಟು ಇದೆ, ಸೋರಿದರೆ ಏನು ಮಾಡಬೇಕು ಎಂಬುದನ್ನು ಕಾರ್ಖಾನೆಯ ಬಾಗಿಲಲ್ಲಿಯೂ ನಗರಸಭೆಯಲ್ಲಿಯೂ ಕನ್ನಡದಲ್ಲಿ ಬರೆದು ಹಾಕಲಿ. ಎಚ್ಚರಿಸಿದ ಕಾರ್ಮಿಕನನ್ನು ಕೆಲಸದಿಂದ ತೆಗೆಯಕೂಡದು. ಗುತ್ತಿಗೆಯ ಆಳಿಗೂ ಇದೇ ರಕ್ಷಣೆ ಸಿಗಲಿ.

ಒಂದು ಕೆಲಸವನ್ನಂತೂ ನಾವು ನಾಳೆಯೇ ಮಾಡಬಹುದು. ರಾಸಾಯನಿಕ ಅಪಘಾತ ಎದುರಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಸಮಿತಿ ಇರಬೇಕೆಂದು 1996ರ ನಿಯಮ ಹೇಳುತ್ತದೆ. ಗಿರಣಿಯವರೂ ಪೇಟೆಯವರೂ ಒಟ್ಟಾಗಿ ಕಚೇರಿಗೆ ಹೋಗಿ, ಆ ಸಮಿತಿ ಕೊನೆಯದಾಗಿ ಕೂಡಿದ್ದು ಯಾವಾಗ ಎಂದು ಲಿಖಿತವಾಗಿ ಕೇಳೋಣ. ಉತ್ತರ ಬಂದರೆ ಇದೇ ಪತ್ರಿಕೆಯಲ್ಲಿ ಅಚ್ಚು ಹಾಕೋಣ. ಬಾರದಿದ್ದರೆ ಅದನ್ನೂ ಅಚ್ಚು ಹಾಕೋಣ.