ಊರು ಬಿಟ್ಟರೂ ದೇವರನ್ನು ಬಿಡದ ಹಿರಿಯರು

(ಪಣಕಹಳ್ಳಿ ಉತ್ಸವದ ಧಾರ್ಮಿಕ ಸಭೆಯಲ್ಲಿ ದೇವಸ್ಥಾನದ ಧರ್ಮದರ್ಶಿಯೊಬ್ಬರು ಮಾಡಿದ ಭಾಷಣ)

 

ನಾನು ವಿದ್ವಾಂಸನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಅಂಗಡಿಯಲ್ಲಿ ಕೂತವನು. ತಕ್ಕಡಿ ಹಿಡಿದ ಕೈಗೆ ಸಮಿತಿಯವರು ಮೈಕು ಕೊಟ್ಟಿದ್ದಾರೆ. ಮಾತು ತಪ್ಪಿದರೆ ಮನೆಯವನೆಂದು ಹೊಟ್ಟೆಗೆ ಹಾಕಿಕೊಳ್ಳಬೇಕು.

ಹಿರಿಯರೊಬ್ಬರನ್ನು ಸ್ಮರಿಸಿ ಎರಡು ಮಾತು ಹೇಳು ಎಂದು ಅಪ್ಪಣೆಯಾಯಿತು. ನಾನು ಆರಿಸಿಕೊಂಡ ಹಿರಿಯರು ನಮ್ಮ ಸೀಮೆಯ ಗಾಜನೂರಿನ ಮುತ್ತುರಾಜ್. ಲೋಕಕ್ಕೆ ಅವರು ಡಾ. ರಾಜ್‌ಕುಮಾರ್, ಕನ್ನಡಿಗರಿಗೆ ಅಣ್ಣಾವ್ರು. ಅವರ ಸಿನಿಮಾ ಕೀರ್ತಿಯನ್ನು ಹೇಳಲು ನಾನು ಬೇಕಾಗಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟು ಹೋದ ಒಂದು ಮನೆತನದ ಯಜಮಾನರಾಗಿ ಅವರು ಹೇಗೆ ಬಾಳಿದರು ಎಂಬುದಷ್ಟನ್ನೇ ಹೇಳುತ್ತೇನೆ. ಇದನ್ನೇ ಏಕೆ ಹೇಳುತ್ತೇನೆ ಎಂಬುದಕ್ಕೆ ನನ್ನದೇ ಒಂದು ತಪ್ಪು ಕಾರಣ. ಅದನ್ನು ಕೊನೆಯಲ್ಲಿ ಒಪ್ಪಿಸುತ್ತೇನೆ.

ಅವರ ತಂದೆ ಪುಟ್ಟಸ್ವಾಮಯ್ಯನವರು ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನವರು. ನಾಟಕದ ಕಲಾವಿದರು. ಕಂಸ, ರಾವಣ, ಹಿರಣ್ಯಕಶಿಪು ಇಂತಹ ಆರ್ಭಟದ ಪಾತ್ರಗಳಿಗೆ ಹೆಸರಾದವರು. ತಾಯಿ ಲಕ್ಷ್ಮಮ್ಮನವರು. 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಮಗ ಹುಟ್ಟಿದಾಗ, ಕಾವೇರಿ ತೀರದ ಮುತ್ತತ್ತಿರಾಯನ ಹೆಸರನ್ನೇ ಇಟ್ಟರು. ಹೀಗೆ ಆ ಮಗುವಿನ ಹೆಸರಿನಲ್ಲೇ ಆಂಜನೇಯ ಸ್ವಾಮಿ ಬಂದು ಕೂತ.

ಆಗ ಕೊಳ್ಳೇಗಾಲವೂ ನಮ್ಮ ತಾಳವಾಡಿಯೂ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳು ವಿಂಗಡವಾದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಈ ಕಡೆ ಉಳಿದೆವು. 1979ರಲ್ಲಿ ಕೊಯಮತ್ತೂರನ್ನು ಒಡೆದು ಮಾಡಿದ ಹೊಸ ಜಿಲ್ಲೆಗೆ, ಅಂದರೆ ಇಂದಿನ ಈರೋಡಿಗೆ ಸೇರಿದೆವು. ಅಣ್ಣಾವ್ರ ತಂದೆಯ ಊರು ಗಡಿಯ ಆ ಕಡೆ, ಹುಟ್ಟಿದ ಊರು ಈ ಕಡೆ. ನಮ್ಮಲ್ಲಿ ಎಷ್ಟೋ ಮನೆಗಳ ನೆಂಟಸ್ತಿಕೆಯೂ ಹಾಗೆಯೇ ಅಲ್ಲವೇ? ಗಡಿ ಭೂಮಿಗೆ ಬಿತ್ತು. ಕುಲದೇವರಿಗೆ ಬೀಳಲಿಲ್ಲ.

ಬಡತನದ ಮನೆ. ಓದು ಮೂರು ನಾಲ್ಕು ತರಗತಿಗೇ ನಿಂತಿತು. ಬಾಲಕ ಮುತ್ತುರಾಜ್ ತಂದೆಯ ಹಿಂದೆ ನಾಟಕ ಕಂಪನಿ ಸೇರಿ ಊರೂರು ತಿರುಗಿದ. ಕಂಪನಿ ಎಲ್ಲಿ ಡೇರೆ ಹಾಕಿದರೆ ಅದೇ ಊರು. 1953ರಲ್ಲಿ ನಂಜನಗೂಡಿನ ಶ್ರೀಕಂಠೇಶ್ವರನ ಕ್ಷೇತ್ರದಲ್ಲಿ ಪಾರ್ವತಮ್ಮನವರ ಕೈ ಹಿಡಿದರು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು. ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಮುತ್ತುರಾಜನಿಗೆ ರಾಜ್‌ಕುಮಾರ್ ಎಂದು ಹೊಸ ಹೆಸರು ಕೊಟ್ಟರು. ಆದರೆ ಮಗನ ಈ ಏಳಿಗೆಯನ್ನು ಕಣ್ತುಂಬ ನೋಡಲು ಪುಟ್ಟಸ್ವಾಮಯ್ಯನವರು ಇರಲಿಲ್ಲ.

ಆ ಕಾಲದಲ್ಲಿ ಕನ್ನಡ ಸಿನಿಮಾ ತಯಾರಾಗುತ್ತಿದ್ದುದು ಬಹುಪಾಲು ಮದರಾಸಿನಲ್ಲಿ. ಹಾಗಾಗಿ ಸಂಸಾರವೂ ಅಲ್ಲಿಗೇ ಹೋಯಿತು. ಬೇರೆ ಭಾಷೆಯ ದೊಡ್ಡ ಪಟ್ಟಣದಲ್ಲಿ ಒಡಹುಟ್ಟಿದವರು, ಮಕ್ಕಳು, ನೆಂಟರಿಷ್ಟರು ಎಲ್ಲರ ಒಟ್ಟು ಸಂಸಾರ. ಕಥೆ ಆರಿಸುವ ಹೊಣೆ ತಮ್ಮ ವರದಪ್ಪನವರದು, ಲೆಕ್ಕಾಚಾರ ಪಾರ್ವತಮ್ಮನವರದು. ವ್ಯಾಪಾರಸ್ಥನಾಗಿ ನನಗೆ ಇದು ಬಹಳ ಹಿಡಿಸಿದೆ. ಯಜಮಾನನೆಂದರೆ ಎಲ್ಲವನ್ನೂ ತಾನೇ ಹಿಡಿದುಕೊಳ್ಳುವವನಲ್ಲ. ನಂಬಿ ಕೊಟ್ಟು, ತಾನು ದುಡಿಮೆಯಲ್ಲಿ ನಿಲ್ಲುವವನು. ಮುಂದೆ ಬೆಂಗಳೂರಿಗೆ ಬಂದು ನೆಲೆಸಿದರು. ಎಲ್ಲಿದ್ದರೂ ಉಡುಪು ಅದೇ ಬಿಳಿ ಪಂಚೆ, ಬಿಳಿ ಶರ್ಟು. ಮನೆಯ ಮಾತು ಅದೇ ಕನ್ನಡ.

ಅವರ ಭಕ್ತಿಯ ವಿಷಯ ಹೇಳುತ್ತೇನೆ. ಕನಕದಾಸರಾಗಿ, ತುಕಾರಾಮರಾಗಿ, ಪುರಂದರದಾಸರಾಗಿ, 1966ರಲ್ಲಿ ಮಂತ್ರಾಲಯದ ಗುರುರಾಯರಾಗಿ, 1974ರಲ್ಲಿ ಕುಂಬಾರ ಗೋರನಾಗಿ ಅವರು ನಮ್ಮ ಮುಂದೆ ನಿಂತರು. ಚಾಮರಾಜನಗರದ ಟಾಕೀಸಿನಲ್ಲಿ ‘ಭಕ್ತ ಕುಂಬಾರ’ ನೋಡಲು ನಮ್ಮಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದರು. ಪಾಂಡುರಂಗ ಕಾಣಿಸಿದ ಕೂಡಲೇ ನಮ್ಮವ್ವ ಕತ್ತಲಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದದ್ದು ನನಗೆ ಚೆನ್ನಾಗಿ ನೆನಪಿದೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ತಂದೆಯವರು ಮೆರೆದ ಹಿರಣ್ಯಕಶಿಪುವಿನ ಪಾತ್ರವನ್ನು ಇವರು ಮಾಡಿದರು, ಮಗ ಪುನೀತ್ ಪ್ರಹ್ಲಾದನಾದ. ಹಿರಿಯರ ಆಸ್ತಿ ಎಂದರೆ ಜಮೀನೊಂದೇ ಅಲ್ಲ, ಇದೂ ಆಸ್ತಿಯೇ.

ಬಣ್ಣ ಕಳಚಿದ ಮೇಲೂ ಭಕ್ತಿ ಕಳಚಲಿಲ್ಲ. ಮಾಲೆ ಧರಿಸಿ, ಇರುಮುಡಿ ಹೊತ್ತು ಶಬರಿಮಲೆಗೆ ಹೋಗಿ ಬಂದರು. ರಾಯರ ಮೇಲಿನ ಹಾಡುಗಳನ್ನು ಹಾಡಿದರು. ಕೊನೆಗೆ ಜನರನ್ನೇ ‘ಅಭಿಮಾನಿ ದೇವರುಗಳು’ ಎಂದು ಕರೆದರು. ಪದ್ಮಭೂಷಣ ಬಂತು, ಫಾಲ್ಕೆ ಪ್ರಶಸ್ತಿ ಬಂತು, ಮೈಸೂರು ವಿಶ್ವವಿದ್ಯಾನಿಲಯ ಡಾಕ್ಟರೇಟ್ ಕೊಟ್ಟಿತು. ಗಾಜನೂರನ್ನು ಮಾತ್ರ ಮರೆಯಲಿಲ್ಲ. ತೋಟ ಮಾಡಿಕೊಂಡು ಬರುತ್ತಾ ಹೋಗುತ್ತಾ ಇದ್ದರು.

ಹಾಗೆ ಬಂದಿದ್ದಾಗಲೇ, 2000ನೇ ಇಸವಿ ಜುಲೈ 30ರ ರಾತ್ರಿ, ತೋಟದ ಮನೆಯಿಂದ ವೀರಪ್ಪನ್ ಅವರನ್ನು ಕಾಡಿಗೆ ಕರೆದೊಯ್ದ. ಎಪ್ಪತ್ತೊಂದು ವರ್ಷದ ವೃದ್ಧರು. ಆ ದಿನಗಳು ನಿಮಗೆಲ್ಲ ನೆನಪಿವೆ. ಚಾಮರಾಜನಗರದಿಂದ ನನಗೆ ಬರಬೇಕಾದ ಸರಕು ಬರಲಿಲ್ಲ. ಕತ್ತಲಾಗುವ ಮೊದಲೇ ಬಾಗಿಲು ಹಾಕುತ್ತಿದ್ದೆವು. ಆ ಕಡೆ ಈ ಕಡೆ ಭಾಷೆಯ ಹೆಸರಿನಲ್ಲಿ ಏನಾದೀತೋ ಎಂದು ನಡುವೆ ಇದ್ದ ನಾವು ಹೆದರಿ ರೇಡಿಯೋ ಮುಂದೆ ಕೂತಿದ್ದೆವು. ನಮ್ಮವ್ವ ದಿನಾ ಸಂಜೆ ಸ್ವಾಮಿಗೆ ಎಣ್ಣೆ ಬತ್ತಿ ಕಳಿಸುತ್ತಿದ್ದಳು. ನವೆಂಬರ್ 15ರಂದು ಬಿಡುಗಡೆಯಾದರು. ಎಣಿಸಿದರೆ 108 ದಿನ. ಜಪಮಣಿ ಎಣಿಸುವವರಿಗೆ ಆ ಸಂಖ್ಯೆಯ ಅರ್ಥ ಹೇಳಬೇಕಾಗಿಲ್ಲ.

2006ರ ಏಪ್ರಿಲ್ 12ರಂದು ಅವರು ಬೆಂಗಳೂರಿನಲ್ಲಿ ದೈವಾಧೀನರಾದರು. ಮೊದಲೇ ಮಾತು ಕೊಟ್ಟಿದ್ದಂತೆ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಭಕ್ತರೇ, ಇದನ್ನು ಸ್ವಲ್ಪ ಯೋಚಿಸಿ. ನಾಯಕನಾದ ಮೊದಲ ಚಿತ್ರದಲ್ಲಿ ಅವರು ಶಿವನಿಗೆ ಕಣ್ಣು ಕಿತ್ತುಕೊಟ್ಟ ಕಣ್ಣಪ್ಪ. ಅದು ವೇಷ. ಐವತ್ತೆರಡು ವರ್ಷದ ಮೇಲೆ ಅದನ್ನೇ ನಿಜ ಮಾಡಿ ಹೋದರು. 2017ರಲ್ಲಿ ಪಾರ್ವತಮ್ಮನವರು, 2021ರಲ್ಲಿ ಪುನೀತ್ ಸಹ ಕಣ್ಣು ಕೊಟ್ಟೇ ಹೋದರು. ಯಜಮಾನ ನಡೆದ ದಾರಿ ಮನೆಯ ದಾರಿಯಾಗುವುದು ಹೀಗೆ.

ಈಗ ನನ್ನ ತಪ್ಪು. ಹೋದ ವರ್ಷ ಉತ್ಸವದ ಸಭೆಯಲ್ಲಿ ಒಂದು ಚರ್ಚೆ ಬಂತು. ನಮ್ಮ ಹುಡುಗರು ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು ತಿರುಪ್ಪೂರಿಗೆ ಹೋಗುತ್ತಾರೆ, ಇನ್ನು ಕೆಲವರು ಮೈಸೂರು, ಬೆಂಗಳೂರು ಸೇರುತ್ತಾರೆ. ಪಲ್ಲಕ್ಕಿಗೆ ಹೆಗಲು ಸಾಲದು. ಆ ಸಿಟ್ಟಿನಲ್ಲಿ ನಾನೇ ಎದ್ದು, ಊರು ಬಿಟ್ಟವರಿಗೆ ತಾಂಬೂಲದ ಮರ್ಯಾದೆ ಯಾಕೆ, ಇಲ್ಲಿರುವವರಿಗೆ ಮಾತ್ರ ಸಾಕು ಎಂದೆ. ನಾಲ್ಕು ಜನ ಹೌದು ಎಂದರು. ಬಾಗಿಲ ಬಳಿ ನಿಂತಿದ್ದ ಒಬ್ಬರು, ನನಗಿಂತ ಹಿರಿಯರು, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದುಡಿದು ಸವೆದವರು, ಏನೂ ಮಾತಾಡದೆ ಹೊರಟುಹೋದರು. ಆ ವರ್ಷ ಪ್ರಸಾದಕ್ಕೂ ಬರಲಿಲ್ಲ.

ರಾತ್ರಿ ವಂತಿಗೆಯ ಪುಸ್ತಕ ತೆಗೆದು ನೋಡಿದೆ. ಅದನ್ನು ಬರೆಯುವವನು ನಾನೇ. ಇಪ್ಪತ್ತೆರಡು ವರ್ಷದಿಂದ ಅವರ ವಂತಿಗೆ ಒಂದು ವರ್ಷವೂ ತಪ್ಪಿರಲಿಲ್ಲ. ಊರಲ್ಲೇ ಇರುವ ಕೆಲವರ ಬಾಕಿ ಇನ್ನೂ ಹಾಗೆಯೇ ಇತ್ತು. ಅದರಲ್ಲಿ ನನ್ನದೂ ಒಂದು ವರ್ಷದ್ದಿತ್ತು. ಇನ್ನೊಬ್ಬರ ಲೆಕ್ಕ ತೂಗುವಾಗ ನನ್ನ ತಕ್ಕಡಿ ಸರಿಯಿರಲಿಲ್ಲ. ನನ್ನ ಸ್ವಂತ ಮಗನೂ ಬೆಂಗಳೂರಿನಲ್ಲೇ ಇದ್ದಾನೆ ಎಂಬುದು ಆಗ ನೆನಪಾಯಿತು.

ಗಾಜನೂರಿನ ಮುತ್ತುರಾಜ್ ಊರು ಬಿಟ್ಟದ್ದಕ್ಕೆ ಅವರನ್ನು ನಾವು ಹೊರಗಿನವರು ಎನ್ನುತ್ತೇವೆಯೇ? ಎದೆ ಉಬ್ಬಿಸಿ ನಮ್ಮವರು ಎನ್ನುತ್ತೇವೆ. ಹೆಸರು ಮಾಡಿದವರಿಗೆ ಒಂದು ನ್ಯಾಯ, ಬನಿಯನ್ ಹೊಲಿದವರಿಗೆ ಒಂದು ನ್ಯಾಯ ದೇವರ ಮುಂದೆ ಇಲ್ಲ.

ಈ ವರ್ಷ ಸಮಿತಿಯಲ್ಲಿ ಕೈ ಮುಗಿದು ಕೇಳಿಕೊಂಡೆ. ಹೊರಗಿರುವ ಮನೆಗಳ ಹೆಸರನ್ನೂ ಸ್ವಾಮಿಯ ಮುಂದೆ ಓದಿಸಿ ಸಂಕಲ್ಪ ಮಾಡಿಸಲು ಎಲ್ಲರೂ ಒಪ್ಪಿದ್ದಾರೆ. ನಾನು ತಿರುಪ್ಪೂರಿಗೆ ಹೋಗಿ ಆ ಹಿರಿಯರ ಮನೆ ಬಾಗಿಲಲ್ಲಿ ತಾಂಬೂಲ ಕೊಟ್ಟು ಬಂದೆ. ಅವರು ನನ್ನನ್ನು ಬೈಯಲಿಲ್ಲ. ಊಟ ಮಾಡಿಸಿ ಕಳಿಸಿದರು. ಇವತ್ತು ಈ ಸಭೆಯಲ್ಲಿ ಕೂತಿದ್ದಾರೆ. ಹೆಸರು ಹೇಳಿದರೆ ಸಂಕೋಚಪಡುತ್ತಾರೆ, ಹೇಳುವುದಿಲ್ಲ.

ಹೊರಗೆ ಹೋಗುವ ಮಕ್ಕಳಿಗೆ ಒಂದೇ ಮಾತು. ಹೋಗಿ, ದುಡಿಯಿರಿ, ಚೆನ್ನಾಗಿ ಬಾಳಿ. ಉತ್ಸವಕ್ಕೆ ಬಂದು ಒಂದು ಗಳಿಗೆ ಪಲ್ಲಕ್ಕಿಗೆ ಹೆಗಲು ಕೊಡಿ. ಬರಲಾಗದ ವರ್ಷ ಅಲ್ಲೇ ಒಂದು ದೀಪ ಹಚ್ಚಿ. ಇಲ್ಲಿರುವ ನಾವು ನಿಮ್ಮ ಹೆಸರನ್ನು ಬಿಡುವುದಿಲ್ಲ.