ಬಿಸಿಲಿನಲ್ಲಿ ಬಾದಾಮಿ

ಮಾಸ್ತರ ಮನೆಯವರು ಪ್ರವಾಸ ಹೊರಡುವುದು ಮೇ ತಿಂಗಳಲ್ಲಿ. ಚಳಿಗಾಲದಲ್ಲಿ ಹೋಗಬಾರದೆ ಎಂದು ನೀವು ಕೇಳಬಹುದು. ಚಳಿಗಾಲದಲ್ಲಿ ಶಾಲೆ ಇರುತ್ತದೆ. ರಜೆ ಬರುವುದು ಬೇಸಗೆಯಲ್ಲಿ. ಆದುದರಿಂದ ನಮ್ಮ ಪಾಲಿಗೆ ಚಾಲುಕ್ಯರ ಇತಿಹಾಸವೆಲ್ಲ ಕಾದ ಕಲ್ಲಿನ ಮೇಲೆಯೇ ಬರೆದದ್ದು.

ಹೋದ ವರ್ಷ ಧಾರವಾಡದಿಂದ ಬಾಡಿಗೆ ಕಾರು ಮಾಡಿಕೊಂಡು ಐಹೊಳೆ, ಪಟ್ಟದಕಲ್ಲು, ಬಾದಾಮಿ ಮೂರನ್ನೂ ಒಂದೇ ದಿನದಲ್ಲಿ ನೋಡಿ ಬರುವುದೆಂದು ನಿಶ್ಚಯಿಸಿದೆವು. ನಿಶ್ಚಯಿಸಿದೆವು ಎಂದರೆ ನಾನು ನಿಶ್ಚಯಿಸಿದೆ. ಜೊತೆಗೆ ಮನೆಯಾಕೆ, ಮಗ, ಮಗಳು ಮತ್ತು 78 ವರ್ಷದ ಅವ್ವ. ಅವ್ವನಿಗೆ ಬೇಕಾಗಿದ್ದುದು ಒಂದೇ, ಬನಶಂಕರಿಯ ದರ್ಶನ. ಬಾದಾಮಿಯಿಂದ ಅದು ಐದು ಕಿಲೋಮೀಟರು. ಕೊನೆಗೆ ಹತ್ತು ನಿಮಿಷದ ಕೆಲಸ ಎಂದು ಅದನ್ನು ಪಟ್ಟಿಯ ತುದಿಗೆ ಇಟ್ಟೆ. ನನಗೆ ಬೇಕಾಗಿದ್ದುದೂ ಒಂದೇ: ಬಾದಾಮಿಯ ಕೆರೆಯಾಚೆ ಬಂಡೆಯಲ್ಲಿ ಕೊರೆದಿರುವ ಕಪ್ಪೆ ಅರಭಟ್ಟನ ಶಾಸನ. ಸುಮಾರು ಕ್ರಿ.ಶ. 700ರದು, ನಮಗೆ ದೊರೆತಿರುವ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಇಪ್ಪತ್ತೆಂಟು ವರ್ಷ ತ್ರಿಪದಿಯ ಲಕ್ಷಣವನ್ನು ಪಾಠ ಹೇಳಿದವನು ನಾನು. ಆ ಬಂಡೆಯನ್ನು ಕಣ್ಣಾರೆ ಕಂಡವನಲ್ಲ.

ಬೆಳಗಿನ ಐದಕ್ಕೆ ಹೊರಟು ಐಹೊಳೆಯನ್ನು ಮುಟ್ಟಿದಾಗ ಒಂಬತ್ತು. ಬಿಸಿಲು ಇನ್ನೂ ಸಭ್ಯವಾಗಿತ್ತು. ದುರ್ಗದ ಗುಡಿಯ ಮುಂದೆ ಅವ್ವ ಕೈ ಮುಗಿದಳು. ಈ ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ದುರ್ಗದಿಂದ, ಎಂದರೆ ಕೋಟೆಯಿಂದ ಎಂದು ನಾನು ತಿದ್ದಿದೆ. “ಇರಲಿ ಬಿಡೋ, ನನ್ನ ಕೈ ಏನ್ ಸವೀತಾವೇನು?” ಎಂದಳು.

ಅಲ್ಲಿಗೆ ಮುಗಿಸಿ ಹೊರಟಿದ್ದರೆ ಈ ಭಾಷಣಕ್ಕೆ ವಿಷಯವೇ ಇರುತ್ತಿರಲಿಲ್ಲ. ಆದರೆ ಗುಡ್ಡದ ಮೇಲೆ ಮೇಗುತಿ. ಅದರ ಗೋಡೆಯಲ್ಲಿ ಕ್ರಿ.ಶ. 634ರ ಶಾಸನ. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಸಂಸ್ಕೃತದಲ್ಲಿ ಹೊಗಳಿ, ಕಡೆಗೆ ತನ್ನನ್ನೂ ಕಾಳಿದಾಸ ಭಾರವಿಗಳ ಪಂಕ್ತಿಯಲ್ಲಿ ಕೂರಿಸಿಕೊಂಡ ರವಿಕೀರ್ತಿ ಬರೆದದ್ದು. ಅಂಥವನನ್ನು ಕಾಣದೆ ಹೋಗುವುದು ಹೇಗೆ? ಮಕ್ಕಳನ್ನು ಕರೆದುಕೊಂಡು ಹತ್ತಿದೆ. ಕಾಳಿದಾಸನ ಕಾಲನಿರ್ಣಯಕ್ಕೆ ಈ ಕಲ್ಲು ಹೇಗೆ ಆಧಾರವೆಂಬುದನ್ನು ಸಾಂಗವಾಗಿ ವಿವರಿಸಿ ಇಳಿದಾಗ ಹನ್ನೊಂದೂವರೆ. ಕೆಳಗೆ ಕಾರಿನಲ್ಲಿ ಅತ್ತೆ ಸೊಸೆ ಇಬ್ಬರೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತಿದ್ದರು.

ಹೀಗಾಗಿ ಪಟ್ಟದಕಲ್ಲಿಗೆ ಹೋದದ್ದು ಸರಿಯಾಗಿ ನಡುಮಧ್ಯಾಹ್ನ. ಮಗನ ಮೊಬೈಲು 41 ಡಿಗ್ರಿ ಎಂದು ತೋರಿಸುತ್ತಿತ್ತು. ಅದು ಗಾಳಿಯ ಲೆಕ್ಕ. ಬೆಳಗಿನಿಂದ ಕಾದ ಕಲ್ಲಿನದು ಬೇರೆ. ವಿರೂಪಾಕ್ಷನ ಗುಡಿಯಲ್ಲಿ ಇಂದಿಗೂ ಪೂಜೆಯುಂಟು, ಚಪ್ಪಲಿ ಹೊರಗೆ ಬಿಡಬೇಕು. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಇದನ್ನು ಕಟ್ಟಿಸಿದ ಕಥೆಯನ್ನು ಅಂಗಳದಲ್ಲಿಯೇ ಆರಂಭಿಸಿದೆ. ನಾನು ನಿಂತಿದ್ದುದು ಗೋಡೆಯ ಬುಡದ ಒಂದು ಗೇಣು ನೆರಳಿನಲ್ಲಿ. ನನ್ನ ಎದುರಿಗಿದ್ದವರು ಎಲ್ಲಿ ನಿಂತಿದ್ದರೆಂಬುದನ್ನು ನಾನು ನೋಡಲಿಲ್ಲ. ಅವ್ವ ಒಂದು ಕಾಲು ಎತ್ತಿ ಇನ್ನೊಂದು ಕಾಲು ಊರುತ್ತ, ಮಗನ ಮಾತಿಗೆ ಅಡ್ಡ ಬರಬಾರದೆಂದು ಸುಮ್ಮನಿದ್ದಳಂತೆ. ಇದನ್ನು ಮನೆಯಾಕೆ ನನಗೆ ಹೇಳಿದ್ದು ಆಮೇಲೆ.

“ಏನ್ರೀ, ಅತ್ತಿಯವರನ್ನ ಹಿಡೀರಿ!” ಎಂಬ ಕೂಗಿಗೆ ತಿರುಗಿ ನೋಡುವಷ್ಟರಲ್ಲಿ ಅವ್ವ ಕಣ್ಣು ಮುಚ್ಚಿ ವಾಲಿದ್ದಳು. ಎತ್ತಿಕೊಂಡು ಒಳಗಿನ ಮಂಟಪದಲ್ಲಿ ಮಲಗಿಸಿದೆವು. ದಪ್ಪ ಗೋಡೆಯ ಆ ಕತ್ತಲಲ್ಲಿ ನೆಲ ತಂಪಾಗಿತ್ತು. ಮನೆಯಾಕೆ ಸೆರಗು ತೋಯಿಸಿ ಹಣೆಗೆ, ಕೊರಳಿಗೆ ಒತ್ತಿದಳು. ಮಗಳು ಲಿಂಬೆಹಣ್ಣು ಹಿಂಡಿ ಉಪ್ಪು ಸಕ್ಕರೆ ಕದಡಿದಳು. ಕಾವಲಿನವನು ಎಲ್ಲಿಂದಲೋ ಒಂದು ಕೊಡ ನೀರು ತಂದ. ನಾನು ಅಂಗಾಲು ಒರೆಸಿದೆ. ಎರಡೂ ಕೆಂಪಗೆ ಬೆಂದಿದ್ದವು. ಹಾಗೆ ಎಷ್ಟು ಹೊತ್ತು ಕಳೆಯಿತೋ, ಅವ್ವ ಕಣ್ಣು ತೆರೆದು, “ಹ್ಞೂ, ಆ ರಾಣಿ ಆಮೇಲೆ ಏನ್ ಮಾಡಿದ್ಳು?” ಎಂದಳು. ನನ್ನ ಗಂಟಲು ಕಟ್ಟಿತ್ತು, ಹೇಳಲಾಗಲಿಲ್ಲ.

ಅಲ್ಲಿಂದೀಚೆ ಬೇಸಗೆಯಲ್ಲಿ ಗುಡಿಗೆ ಹೊರಟಾಗ ಎಲ್ಲರಿಗೂ ಒಂದೊಂದು ಜೊತೆ ದಪ್ಪ ಕಾಲುಚೀಲ ಕಟ್ಟಿಕೊಳ್ಳುತ್ತೇನೆ. ನೀವೂ ಕಟ್ಟಿಕೊಳ್ಳಿ.

ಊರಿಗೆ ತಿರುಗೋಣ ಎಂದೆ. ಅವ್ವ ಒಪ್ಪಲಿಲ್ಲ. ಬಾದಾಮಿಯಲ್ಲಿ ಆಕೆಯನ್ನೂ ಮನೆಯಾಕೆಯನ್ನೂ ಬೇವಿನ ನೆರಳಿನಲ್ಲಿ ಕೂರಿಸಿ ಮಕ್ಕಳೊಡನೆ ಮೇಣಬಸದಿಗಳನ್ನು ಹತ್ತಿದೆ. ಮಂಗಗಳು ಬಾಳೆಹಣ್ಣಿನ ಚೀಲವನ್ನು ಮೊದಲ ಮೆಟ್ಟಿಲುಗಳಲ್ಲಿಯೇ ಸ್ವೀಕರಿಸಿದವು. ಮಂಗಳೇಶನು 578ರಲ್ಲಿ ಮಾಡಿಸಿದ ಮೂರನೆಯ ಗುಹೆಯ ಮುಂದೆ ನಿಂತರೆ ಅಗಸ್ತ್ಯ ತೀರ್ಥವೆಲ್ಲ ಕಾಣುತ್ತದೆ. ತುದಿಯಲ್ಲಿ ಭೂತನಾಥನ ಗುಡಿ, ಅದರಾಚೆ ಇಳಿಬಿಸಿಲಿಗೆ ಕೆಂಪಾದ ಬಂಡೆ. “ಅಪ್ಪಾ, ಅಲ್ಲೇ ಏನ್ರಿ ನಿಮ್ಮ ಅರಭಟ್ಟ?” ಎಂದಳು ಮಗಳು. ಅಲ್ಲೇ. ಗಡಿಯಾರ ನೋಡಿದೆ: ಐದೂವರೆ. ಕೆರೆಯನ್ನು ಸುತ್ತಿ, ಹುಡುಕಿ, ಓದಿ ಬರಲು ಒಂದು ತಾಸಾದರೂ ಬೇಕು. ಅಲ್ಲಿಯವರೆಗೆ ಅವ್ವ ಬೇವಿನ ಕೆಳಗೆ ಕೂತಿರಬೇಕು. ಮಗ ಏನೋ ಹೇಳಲು ಬಾಯಿ ತೆರೆದ. ನಾನು ಮೆಟ್ಟಿಲು ಇಳಿಯತೊಡಗಿದೆ.

ಬನಶಂಕರಿಯಲ್ಲಿ ಗದ್ದಲವಿರಲಿಲ್ಲ. ಅವ್ವ ಸೊಸೆಯ ತೋಳು ಹಿಡಿದು ಒಳಗೆ ಹೋಗಿ ಬಹಳ ಹೊತ್ತು ನಿಂತಳು. ಹೊರಗೆ ಬುಟ್ಟಿ ಎತ್ತುವುದರಲ್ಲಿದ್ದ ಒಬ್ಬ ಹೆಣ್ಣುಮಗಳು ಉಳಿದಿದ್ದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಡಿಸಿದಳು. ಬೆಳಗಿನಿಂದ ಅವ್ವ ಹೊಟ್ಟೆ ತುಂಬ ಉಂಡದ್ದು ಅಲ್ಲಿಯೇ.

ಕತ್ತಲಲ್ಲಿ ಕಾರು ಧಾರವಾಡದ ಕಡೆಗೆ ಓಡುತ್ತಿದ್ದಾಗ, ಮಕ್ಕಳು ಮಲಗಿದ್ದರು. “ನಿನ್ನ ಕಲ್ಲು ನೋಡೂದು ತಪ್ಪಿತಲ್ಲೋ ತಮ್ಮಾ. ಏನ್ ಬರದದ ಅದರಾಗ?” ಎಂದು ಅವ್ವ ಕೇಳಿದಳು. ಬಾಯಿಪಾಠವಿದ್ದುದನ್ನು ಮೆಲ್ಲಗೆ ಹೇಳಿದೆ. ಹಳಗನ್ನಡ, ಅರ್ಥವಾಗಿರಲಿಕ್ಕಿಲ್ಲ. ಆದರೆ ಎರಡನೆಯ ಪದ್ಯಕ್ಕೆ ಬರುವ ಹೊತ್ತಿಗೆ ಆಕೆಯ ಬಲಗೈ ಮಡಿಲಲ್ಲಿ ಮೆಲ್ಲಗೆ ಸುತ್ತು ತಿರುಗುತ್ತಿತ್ತು, ಗೂಟ ಹಿಡಿದ ಹಾಗೆ.

“ಇದು ಬೀಸೂ ಪದ ಅಲ್ಲೇನೋ?” ಎಂದಳು.

ಹೌದವ್ವಾ, ಅದೇ ಮಟ್ಟು ಎಂದೆ. ಆಕೆ ಒಂದು ನುಡಿ ತಾನೇ ಗುನುಗಿದಳು, ಎರಡನೆಯದಕ್ಕೆ ನಿದ್ದೆ ಹೋದಳು.